ಮೆಣಸಿನಕಾಯಿ ಬೆಳೆಯೋರ ಮನ್ಯಾಗ ಖಾರದ ಪಾಕೀಟ ಯಾಕ?

ನಮ್ಮ ಮಸೂತಿಯಾಗಲಿ, ಸುತ್ತಲಿನ ಯಾವ ಹಳ್ಳಿಯಾಗಲಿ, ಕಿರಾಣಿ ಅಂಗಡಿ ಮುಂದೆ ಒಂದು ಗಳಿಗೆ ನಿಂತು ನೋಡಿ. ಶಾಂಪೂ, ಚಹಾಪುಡಿ ಸರಗಳ ಜೊತೆಗೆ ಖಾರದಪುಡಿಯ ಸರವೂ ತೂಗಾಡುತ್ತಿರುತ್ತದೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಕೊಳ್ಳುತ್ತಾರೆ, ಅವರಿಗೆ ಕುಟ್ಟಲು ಹೊತ್ತಿಲ್ಲ, ಸರಿ. ಆದರೆ ಹೊಲದಲ್ಲಿ ಎಕರೆಗಟ್ಟಲೆ ಮೆಣಸಿನಗಿಡ ಹಚ್ಚಿದ ರೈತನ ಮನೆಗೂ ಅದೇ ಪಾಕೀಟು ಹೋಗುತ್ತಿದೆ. ಬೆಳೆದದ್ದು ಚೀಲ ತುಂಬಿ ಬ್ಯಾಡಗಿಗೆ, ತಿನ್ನುವುದು ಯಾರೋ ಎಲ್ಲೋ ಪುಡಿ ಮಾಡಿ ತುಂಬಿದ್ದು. ಇದು ಬದಲಾಗಬೇಕು ಅನ್ನುವುದು ನನ್ನ ಮಾತು. ಹಿತ್ತಲಲ್ಲಿ ಹತ್ತು ಗಿಡ, ವರ್ಷದ ಖಾರಕ್ಕೆ ಇಡೀ ಕಾಯಿ, ಇಷ್ಟೇ.

ಬೇರೆ ಕಡೆ ಮೆಣಸಿನಕಾಯಿ ಅಂದರೆ ಅಡುಗೆಗೆ ಹಾಕುವ ಮಸಾಲೆ. ನಮ್ಮಲ್ಲಿ ಹಾಗಲ್ಲ. ಬೆಳಗ್ಗೆ ಆರಕ್ಕೆ ಹೊಲಕ್ಕೆ ಹೊರಟವರ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಇಲ್ಲವೇ ಎಣ್ಣೆ ಹಾಕಿ ಕಲಸಿದ ಖಾರ, ಒಂದು ಉಳ್ಳಾಗಡ್ಡಿ. ಪಲ್ಯ ಇಲ್ಲದ ದಿನ ಖಾರವೇ ಪಲ್ಯ. ಹೀಗೆ ದಿನಕ್ಕೆ ಎರಡು ಹೊತ್ತು ತಿನ್ನುವ ಪದಾರ್ಥದಲ್ಲಿ ಕಲಬೆರಕೆ ಇದ್ದರೆ, ಚಿಟಿಕೆ ಹಾಕಿಕೊಳ್ಳುವ ಪಟ್ಟಣದವರಿಗಿಂತ ಹೆಚ್ಚು ಹೊಟ್ಟೆಗೆ ಹೋಗುವುದು ನಮಗೇ.

ಕಲಬೆರಕೆ ಅಂದೆ, ಅದು ಸುಮ್ಮನೆ ಹೆದರಿಸುವ ಮಾತಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ ನೂರಾರು ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತೆಗೆಸಿದರು. ಒಂದು ಸಾಸಿಗೆ ಹಾಕಿದ್ದ ಖಾರದಪುಡಿಯಲ್ಲಿ ಸೂಡಾನ್-1 ಎಂಬ ಬಣ್ಣ ಸಿಕ್ಕಿತ್ತು. ಬೂಟ್ ಪಾಲಿಶ್‌ಗೆ, ಮೇಣಕ್ಕೆ ಹಾಕುವ ಬಣ್ಣ ಅದು. ಅಲ್ಲಿ ಪರೀಕ್ಷೆ ಮಾಡಿದರು, ಸಿಕ್ಕಿತು. ನಮ್ಮೂರ ಅಂಗಡಿಯ ಸರದಿಂದ ಹರಿದುಕೊಟ್ಟ ಪಾಕೀಟನ್ನು ಪರೀಕ್ಷೆ ಮಾಡುವವರು ಯಾರು? ನೀವೇ ಮಾಡಬಹುದು. ಗಾಜಿನ ಲೋಟದಲ್ಲಿ ನೀರು ತುಂಬಿ, ಮೇಲೆ ಒಂದು ಚಮಚ ಪುಡಿ ಉದುರಿಸಿ. ಕಲಕಬೇಡಿ. ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ಹೊರಗಿನ ಬಣ್ಣ ಬೆರೆಸಿದ್ದಾರೆ ಅಂತ ತಿಳಿಯಿರಿ. ತಳದಲ್ಲಿ ಕೂತದ್ದನ್ನು ಬೆರಳಲ್ಲಿ ತಿಕ್ಕಿದಾಗ ಗರಗರ ಅಂದರೆ ಇಟ್ಟಂಗಿ ಪುಡಿಯೋ ಮರಳೋ ಇದೆ. ಆದರೆ ಸೂಡಾನ್ ಬಣ್ಣ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದನ್ನು ಈ ಲೋಟ ಹಿಡಿಯುವುದಿಲ್ಲ.

ಇಷ್ಟು ಬಣ್ಣದ ಹುಚ್ಚು ಎಲ್ಲಿಂದ ಬಂತು? ಪೇಟೆಯಿಂದ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಖಾರಕ್ಕಲ್ಲ, ಕೆಂಪಿಗೆ. ಅದರಿಂದ ತೆಗೆಯುವ ಕೆಂಪು ಎಣ್ಣೆ ತಿನಿಸಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ತಪ್ಪಿಲ್ಲ, ಅದು ವ್ಯಾಪಾರ. ಆದರೆ ಪೇಟೆ ನೋಡುವ ಕಣ್ಣಿನಿಂದಲೇ ನಾವೂ ಮನೆಯ ಖಾರ ನೋಡಲು ಶುರು ಮಾಡಿದೆವು. ನಮ್ಮ ಅವ್ವಂದಿರು ಹಾಗೆ ನೋಡುತ್ತಿರಲಿಲ್ಲ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಎರಡನ್ನೂ ತಂದು ತಮ್ಮ ಮನೆಯವರ ನಾಲಿಗೆಗೆ ತಕ್ಕಂತೆ ಬೆರೆಸುತ್ತಿದ್ದರು. ಪಾಕೀಟಿನಲ್ಲಿ ಆ ಲೆಕ್ಕ ಇಲ್ಲ.

ಪೇಟೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ 11ರಂದು ನೋಡಿದೆವು. ಬ್ಯಾಡಗಿಯಲ್ಲಿ ರೇಟು ಬಿದ್ದಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೇ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳಲಾರೆ. ಆದರೆ ಬೀಜ, ಔಷಧ, ಬಿಡಿಸುವ ಕೂಲಿ, ಲಾರಿ ಬಾಡಿಗೆ ಎಲ್ಲ ಸಾಲದಲ್ಲಿ ಮಾಡಿ ಚೀಲ ಇಳಿಸಿದವನ ಹೊಟ್ಟೆಯ ಬೆಂಕಿ ಏನು ಅನ್ನುವುದು ಗೊತ್ತು. ಹಿತ್ತಲ ಹತ್ತು ಗಿಡ ಈ ಸಾಲ ತೀರಿಸುವುದಿಲ್ಲ. ರೇಟು ಬಿದ್ದ ವರ್ಷವೂ ಮನೆಯ ಖಾರಕ್ಕಾಗಿ ಅಂಗಡಿಗೆ ಹೋಗುವುದನ್ನು ಅಷ್ಟಿಷ್ಟು ತಪ್ಪಿಸುತ್ತದೆ.

ಹೊಲದ ಬೆಳೆಯನ್ನೇ ಮನೆಗೆ ಇಟ್ಟುಕೊಳ್ಳಬಾರದೇ ಅಂತ ಕೇಳಬಹುದು. ಒಬ್ಬ ರೈತರನ್ನು ಕೇಳಿದೆ. "ಎಷ್ಟ್ ಸಲ ಹೊಡದೀನಿ ಅಂತ ನನಗ ಗೊತ್ತೈತಲ್ರಿ, ಅದನ್ನ ಹುಡುಗ್ರಿಗೆ ಹ್ಯಾಂಗ ತಿನ್ನಸ್ಲಿ?" ಅಂದರು. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ಕಂಡ ಹೊಸ ಕರಿ ಥ್ರಿಪ್ಸ್ ನುಸಿ 2021-22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಗಿಡದ ಹೂವನ್ನೇ ತಿಂದು ಹಾಕಿತು. ಆ ಮೇಲಂತೂ ಔಷಧ ಹೊಡೆಯುವುದಕ್ಕೆ ಲೆಕ್ಕವಿಲ್ಲ. ತಾನು ಬೆಳೆದದ್ದನ್ನು ತಾನೇ ತಿನ್ನಲು ಅಂಜುವ ಸ್ಥಿತಿ ಇದು. ಹತ್ತು ಗಿಡಕ್ಕೆ ಹಾಗೆ ಹೊಡೆಯಬೇಕಿಲ್ಲ, ಕೈಯಿಂದಲೇ ನೋಡಿಕೊಳ್ಳಬಹುದು.

ಈಗ ಲೆಕ್ಕ ಸರಿಯಾಗಿ ಹೇಳುತ್ತೇನೆ, ಆಸೆ ಹುಟ್ಟಿಸುವುದು ಬೇಡ. ಚೆನ್ನಾಗಿ ಬಂದ ಒಂದು ಗಿಡದಿಂದ ಒಣಗಿದ ಮೇಲೆ ಸಿಗುವುದು ಸುಮಾರು 100 ಗ್ರಾಂ. ಹತ್ತು ಗಿಡಕ್ಕೆ ಒಂದು ಕೆಜಿ. ನಮ್ಮ ಮನೆಗೆ ವರ್ಷಕ್ಕೆ ಎಂಟು ಕೆಜಿ ಬೇಕು. ಹಾಗಾಗಿ ಒಣಗಿಸುವ ಆಸೆ ಬಿಡಿ. ಹಿತ್ತಲ ಗಿಡ ಹಸಿ ಕಾಯಿಗೆ ಮತ್ತು ರಂಜಕಕ್ಕೆ. ಕೆಂಪಗೆ ಹಣ್ಣಾದ ಕಾಯಿ, ಬೆಳ್ಳುಳ್ಳಿ, ಉಪ್ಪು, ಹುರಿದ ಜೀರಿಗೆ, ನಿಂಬೆರಸ ಹಾಕಿ ರುಬ್ಬಿಟ್ಟರೆ ಬಿಸಿ ರೊಟ್ಟಿಗೆ ಬೇರೇನೂ ಬೇಡ. ಉಳಿದ ವರ್ಷದ ಖಾರಕ್ಕೆ ಸುಗ್ಗಿಯಲ್ಲಿ ತೊಟ್ಟು ಇರುವ ಇಡೀ ಕಾಯಿ ಕೊಂಡು, ಬಿಸಿಲಿಗೆ ಹಾಕಿ, ಕಣ್ಣೆದುರೇ ಗಿರಣಿಯಲ್ಲಿ ಕುಟ್ಟಿಸಿ. ಇಡೀ ಕಾಯಿಯಲ್ಲಿ ಇಟ್ಟಂಗಿ ಬೆರೆಸಲು ಬರುವುದಿಲ್ಲ. ನಾಲ್ಕು ಮನೆಯವರು ಕೂಡಿ ತಂದರೆ ಕೂಲಿ ಮಾಡುವವರಿಗೂ ಭಾರವಾಗದು.

ಗಿಡ ಹಚ್ಚುವುದು ದೊಡ್ಡ ವಿದ್ಯೆಯಲ್ಲ. ರೋಹಿಣಿ ಮಳೆಗೆ ಹಳೇ ಬುಟ್ಟಿಯಲ್ಲಿ ಬೀಜ ಹಾಕಿದರೆ 35-40 ದಿನಕ್ಕೆ ಅಗಿ ಕೀಳಲು ಬರುತ್ತದೆ. ನಮ್ಮದು ಎರಿ ಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೆ ಸ್ವಲ್ಪ ಏರು ಮಾಡಿ ಎರಡು ಅಡಿಗೊಂದರಂತೆ ಹಚ್ಚಿ. ಹಿತ್ತಲಿಲ್ಲದವರಿಗೆ ಹಳೇ ಸಿಮೆಂಟ್ ಚೀಲ, ಎಣ್ಣೆ ಡಬ್ಬಿ ಸಾಕು. ಕಾಡುವುದು ಎಲೆ ಮುಟುರುವ ರೋಗ. ಎಲೆ ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಒಂದು ಲೀಟರ್ ನೀರಿಗೆ 50 ಗ್ರಾಂ ಜಜ್ಜಿದ ಬೇವಿನ ಬೀಜ ರಾತ್ರಿ ನೆನೆಸಿ, ಸೋಸಿ, ಸಂಜೆ ಹೊತ್ತು ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ಎಲೆಗಳೆಲ್ಲ ಮುದುರಿ ಕುರುಟಾದ ಗಿಡವನ್ನು ಮೋಹ ಬಿಟ್ಟು ಕಿತ್ತು ಹಾಕಿ. ಗಿಳಿಗಳು ಬರುತ್ತವೆ, ಹಕ್ಕಿಗೆ ಖಾರ ಹತ್ತುವುದೇ ಇಲ್ಲ. ನಾಲ್ಕು ಹಣ್ಣು ತಿಂದರೆ ತಿನ್ನಲಿ.

ಅತಿ ಖಾರ ತಿಂದರೆ ಹೊಟ್ಟೆ ಸುಡುತ್ತದೆ ಅನ್ನುವವರ ಮಾತನ್ನೂ ತೆಗೆದುಹಾಕುವುದಿಲ್ಲ. ಹುಣ್ಣು, ಮೂಲವ್ಯಾಧಿ ಇದ್ದವರು ಡಾಕ್ಟರು ಹೇಳಿದಂತೆ ಕೇಳಲಿ. ಖಾರ ನಿಜಕ್ಕೂ ರುಚಿಯಲ್ಲ, ಉರಿ. ಬೆಂಕಿ ಮುಟ್ಟಿದಾಗ ಎಚ್ಚರಿಸುವ ನರವನ್ನೇ ಅದು ಮುಟ್ಟುತ್ತದೆ. ಇದನ್ನು ಮೆಣಸಿನಕಾಯಿಯ ಸತ್ವ ಹಿಡಿದೇ ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಆ ಸತ್ವ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ತಂಬಿಗೆಗಟ್ಟಲೆ ನೀರು ಕುಡಿದರೂ ಉರಿ ಹೋಗದು. ಮೊಸರು ಬೇಕು. ಗಡಿಗೆಯ ಕೊಲ್ಹಾರ ಮೊಸರು ಪಕ್ಕದಲ್ಲೇ ಇಟ್ಟುಕೊಂಡ ನಮಗೆ ಇದನ್ನು ವಿಜ್ಞಾನಿ ಬಂದು ಹೇಳಬೇಕಿರಲಿಲ್ಲ.

ಬೀಜದ ಬಗ್ಗೆ ಒಂದು ಮಾತು. ಹೊಲಕ್ಕೆ ತಂದ ಹೈಬ್ರಿಡ್ ಅಗಿಯಲ್ಲಿ ಉಳಿದದ್ದನ್ನು ಹಿತ್ತಲಿಗೆ ಹಚ್ಚಬೇಡಿ. ಅದರ ಬೀಜ ಮುಂದಿನ ವರ್ಷ ಹಾಗೆಯೇ ಬರುವುದಿಲ್ಲ. ಜ್ವಾಲಾದಂಥ ತಳಿಯನ್ನೋ, ಹಳೇ ಲವಂಗಿ ಉಳಿಸಿಕೊಂಡವರ ಮನೆಯಿಂದ ಒಂದು ಹಿಡಿ ಬೀಜವನ್ನೋ ತನ್ನಿ. ಸಿಗದಿದ್ದರೆ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಎರಡನೇ ಕೊಯ್ಲಿನಲ್ಲಿ ಗಟ್ಟಿ ಗಿಡವೊಂದರ ಏಳೆಂಟು ಕಾಯಿ ಗಿಡದಲ್ಲೇ ಹಣ್ಣಾಗಲು ಬಿಟ್ಟು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕಿ, ಮೇಲೆ ವರ್ಷ ಬರೆದಿಡಿ. ಬೀಜ ಬಿಡಿಸಿದ ಕೈಯಲ್ಲಿ ಕಣ್ಣು ಮಾತ್ರ ಉಜ್ಜಬೇಡಿ.