ನೀರು ಹಾಕಿದವಳ ಸ್ನಾನ

'ಸೌನಾ ಅಂದ್ರೆ ಏನು ಮಹಾ? ನಮ್ಮ ಬಚ್ಚಲುಮನೇನೇ ಅಲ್ವೇನಮ್ಮ?'

ಹೆಲ್ಸಿಂಕಿಯಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ಹೋಗಿ ಬಂದ ಮೇಲೆ ಈ ಮಾತನ್ನು ಕನಿಷ್ಠ ಐದು ಜನರ ಬಾಯಲ್ಲಿ ಕೇಳಿದ್ದೇನೆ. ಎಲ್ಲರೂ ಓದಿಕೊಂಡವರು, ನನ್ನ ಒಳ್ಳೆಯದನ್ನೇ ಬಯಸುವವರು, ಅವರಲ್ಲಿ ಇಬ್ಬರು ನನಗೆ ಪಾಠ ಹೇಳಿದವರು. ಒಬ್ಬರಂತೂ ಅರಕಲಗೂಡು ಸೀಮೆಯ ತಮ್ಮ ತೊಟ್ಟಿಮನೆ, ತಾಮ್ರದ ಹಂಡೆ, ತೆಂಗಿನ ಮಟ್ಟೆಯ ಉರಿ, ದೀಪಾವಳಿಯ ನೀರು ತುಂಬುವ ಹಬ್ಬ, ಎಣ್ಣೆಸ್ನಾನ ಎಲ್ಲವನ್ನೂ ನೆನೆದು, 'ಯುನೆಸ್ಕೊದವರು ನಮ್ಮ ಕಡೆ ಬರಲಿಲ್ಲ, ಅಷ್ಟೆ' ಎಂದರು. ಫಿನ್ಲೆಂಡಿನ ಸೌನಾ ಸಂಸ್ಕೃತಿ 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಅವರಿಗೆ ಗೊತ್ತಿತ್ತು. ಗುರುಗಳೆಂದು ಆವತ್ತು ಸುಮ್ಮನಿದ್ದೆ. ಬಾಯಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಹೆರ್ನೆಸಾರಿ ಎಂಬಲ್ಲಿ ಸಮುದ್ರದ ಅಂಚಿಗೇ ಇರುವ 'ಲೊಯ್ಲು' ಎಂಬ ಸೌನಾಕ್ಕೆ. 2016ರಲ್ಲಿ ಶುರುವಾದದ್ದು, ಇಡೀ ಕಟ್ಟಡಕ್ಕೆ ಮರದ ಪಟ್ಟಿಗಳ ಹೊದಿಕೆ. ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಹಬೆಗೆ ಅವರ ಭಾಷೆಯಲ್ಲಿ ಲೊಯ್ಲು ಎನ್ನುತ್ತಾರೆ. ಟಿಕೆಟ್ಟಿನ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತ್ತು; ಸಂಕಿರಣದವರು ಕೊಡಿಸಿದ್ದರಿಂದ ಒಳಗೆ ಕಾಲಿಟ್ಟೆ. ಮೊದಲು ಮೈ ತೊಳೆದುಕೊಳ್ಳಬೇಕು. ಆಮೇಲೆ ಈಜುಡುಗೆಯಲ್ಲಿ ಗಂಡಸರು ಹೆಂಗಸರು ಒಂದೇ ಕೋಣೆಯ ಮರದ ಮೆಟ್ಟಿಲುಗಳ ಮೇಲೆ ಕೂರುವುದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಅಷ್ಟೆತ್ತರದ ಬೆತ್ತಲೆ ಗೊಮ್ಮಟನನ್ನು ಶಾಲೆಯ ಪ್ರವಾಸದಲ್ಲೇ ತಲೆಯೆತ್ತಿ ನೋಡಿ ಬಂದವಳು ನಾನು. ಆದರೂ ನನ್ನ ಮೊಣಕಾಲು ನಾಲ್ಕು ಜನಕ್ಕೆ ಕಾಣುತ್ತದಲ್ಲ ಎಂದು ಮೂಲೆಯಲ್ಲಿ ಮುದುಡಿ ಕೂತೆ.

ಒಲೆಯ ಪಕ್ಕದಲ್ಲಿ ನೀರಿನ ಬಕೆಟ್ಟು, ಉದ್ದ ಹಿಡಿಯ ಸೌಟು. ನೀರು ಹಾಕಲೆಂದೇ ನೇಮಕವಾದವರು ಯಾರೂ ಇಲ್ಲ. ಹತ್ತಿರ ಕೂತವರು ಉಳಿದವರನ್ನು ಒಂದು ಮಾತು ಕೇಳಿ ಹಾಕುತ್ತಾರೆ. ಅಜ್ಜಿಯ ವಯಸ್ಸಿನ ಒಬ್ಬಾಕೆ ಎದ್ದು ಹೋಗುವಾಗ ಸೌಟನ್ನು ನನ್ನ ಕೈಗೆ ಕೊಟ್ಟರು. ನಾನು ಹಾಕಿದೆ. ಅಪರಿಚಿತರ ಮೈಮೇಲೆಲ್ಲ ನಾನು ಎಬ್ಬಿಸಿದ ಹಬೆ. ಯಾರೂ ಎದ್ದು ಹೋಗಲಿಲ್ಲ. ಆಮೇಲೆ ಏಣಿ ಇಳಿದು ಕೊರೆಯುವ ಸಮುದ್ರದಲ್ಲಿ ಅರ್ಧ ನಿಮಿಷ ಮುಳುಗಿ, ಕಿರುಚಿಕೊಂಡು ಮೇಲೆ ಬಂದೆ. ಅದರ ಸುಖವನ್ನು ಬಹಳ ಜನ ಬರೆದಿದ್ದಾರೆ, ಬಿಡಿ.

ನಮ್ಮಲ್ಲೂ ಸೌನಾ ಇತ್ತು ಎನ್ನುವವರ ಮಾತು ಸುಳ್ಳಲ್ಲ. ಇತ್ತು. ಆದರೆ ಅದು ಇದ್ದದ್ದು ಅವರು ನೆನೆಯುವ ಹಬ್ಬದ ಸ್ನಾನದಲ್ಲಿ ಅಲ್ಲ, ಬಾಣಂತಿಯ ಸ್ನಾನದಲ್ಲಿ. ಫಿನ್ಲೆಂಡಿನ ಹಳ್ಳಿಗಳಲ್ಲೂ ಹಿಂದೆ ಹೆರಿಗೆ ಆಗುತ್ತಿದ್ದದ್ದು ಸೌನಾದಲ್ಲೇ. ಹೊಳೆನರಸೀಪುರದ ಕಡೆ ಹೇಮಾವತಿಯ ದಂಡೆಯ ಒಂದು ಹಳ್ಳಿಯಲ್ಲಿ ನನ್ನ ಅಜ್ಜಿ ಬಾಣಂತಿಯರಿಗೆ ನೀರು ಹಾಕುತ್ತಿದ್ದಳು. ಬೆನ್ನಿಗೆ ಸೊಂಟಕ್ಕೆ ಹರಳೆಣ್ಣೆ ತಿಕ್ಕಿ, ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಬೀಸಿ ಬೀಸಿ ಹೊಡೆದು, ಸಾಂಬ್ರಾಣಿ ಹೊಗೆ ಕೊಟ್ಟು, ತಲೆಗೆ ಬಟ್ಟೆ ಬಿಗಿದು, ಬೆವರು ಕಿತ್ತುಕೊಂಡು ಬರುವವರೆಗೆ ಕಂಬಳಿ ಹೊದಿಸಿ ಮಲಗಿಸುವುದು. ಮಗುವನ್ನು ನೀಡಿದ ಕಾಲಮೇಲೆ ಹಾಕಿಕೊಂಡು ಮೀಯಿಸುವುದು. ಊರಿನ ದೊಡ್ಡ ಮನೆಗಳಲ್ಲಿ ಅವಳ ಕೈಯಲ್ಲಿ ಮೊದಲ ಸ್ನಾನ ಮಾಡಿದವರು ಎಷ್ಟೋ ಮಂದಿ.

ಅವಳು ಹೋಗುತ್ತಿದ್ದದ್ದು ಹಿತ್ತಲ ಬಾಗಿಲಿನಿಂದ. ಪುರುಡು ಇರುವಷ್ಟು ದಿನ ಮಾತ್ರ, ಮನೆಯೇ ಮೈಲಿಗೆಯಲ್ಲಿರುತ್ತದಲ್ಲ, ಹಾಗಾಗಿ ಕೇರಿಯವಳ ಕೈ ಆಗುತ್ತಿತ್ತು. ಹನ್ನೊಂದನೇ ದಿನ ಮನೆ ಶುದ್ಧವಾದರೆ ಅಜ್ಜಿಯ ಕೆಲಸ ಮುಗಿಯಿತು. ಪಡಿ ರಾಗಿ, ಎಲೆ ಅಡಿಕೆ, ಒಂದು ಹಳೇ ಸೀರೆ. ಹತ್ತು ದಿನ ಎದೆಗಪ್ಪಿ ಮೀಯಿಸಿದ ಮಗುವನ್ನು ಆಮೇಲೆ ಮುಟ್ಟುವ ಹಾಗಿಲ್ಲ. ಊರವರು ಹೊಳೆಯ ಮೇಲಿನ ಕಟ್ಟೆಯಲ್ಲಿ ಮೀಯುತ್ತಿದ್ದರು, ಕೇರಿಯವರು ಕೆಳಗೆ. ಹರಿಯುವ ನೀರಿನಲ್ಲೂ ಯಾರ ಕೊಳೆ ಯಾರ ಕಡೆಗೆ ಹರಿಯಬೇಕು ಎಂಬುದು ಗೊತ್ತುಪಡಿಸಿದ್ದೇ ಆಗಿತ್ತು. ಹೊಳೆಗೆ ಹೋಗದ ದಿನ ಅಜ್ಜಿ ಕತ್ತಲಾಗುವುದನ್ನು ಕಾದು, ಗುಡಿಸಲ ಹಿಂದೆ ತೆಂಗಿನ ಗರಿಯ ಮರೆಯಲ್ಲಿ, ಚಪ್ಪಡಿ ಕಲ್ಲಿನ ಮೇಲೆ ಕೂತು ತಣ್ಣೀರು ಸುರಿದುಕೊಳ್ಳುತ್ತಿದ್ದಳು. 'ಊರಿಗೆಲ್ಲ ನಾನು ಹಾಕ್ದೆ, ನಂಗೆ ಯಾರವ್ವ ಹಾಕೋರು?' ಎಂದು ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಹಂಡೆ ಇತ್ತು, ಹಬೆ ಇತ್ತು, ವಿದ್ಯೆಯೂ ಇತ್ತು. ಇಲ್ಲದಿದ್ದದ್ದು ಸಾರ್ವಜನಿಕರು. ನೆನಪಿನ ಪ್ರಬಂಧಗಳಲ್ಲಿ ಬಚ್ಚಲೊಲೆಯ ಉರಿ ಇಷ್ಟು ಸುಂದರವಾಗಿ ಬರುತ್ತದೆ, ಆ ಒಲೆಗೆ ಸೌದೆ ಹೊತ್ತು ತಂದವರು ಬರುವುದೇ ಇಲ್ಲ. ಬಂದರೂ 'ನಮ್ಮ ಮನೆಯ ಆಳು' ಎಂಬ ಅರ್ಧ ಸಾಲಿನಲ್ಲಿ.

ಅದೆಲ್ಲ ಹಳೆಯ ಕಾಲ ಎನ್ನುತ್ತೀರಾ? ಇದೇ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ದೇವಸ್ಥಾನದೊಳಗೆ ಹೋದರೆಂದು ದಂಡ ಹಾಕಿದ ಸುದ್ದಿ 2015ರದ್ದು. ಹಾಸನದ ಹೇಮಗಂಗೋತ್ರಿಯಲ್ಲಿ ಎಂ.ಎ. ಮಾಡುವಾಗ ನಾನು ಬಾಡಿಗೆ ರೂಮು ಹುಡುಕುತ್ತಾ ತಿರುಗಿದ ಬೀದಿಗಳಲ್ಲಿ ಮಾಲೀಕರು ಮೊದಲು ಅಟ್ಯಾಚ್ಡ್ ಬಾತ್‌ರೂಮ್ ತೋರಿಸುತ್ತಿದ್ದರು, ಗೀಸರ್ ಇದೆ ಎನ್ನುತ್ತಿದ್ದರು, ಆಮೇಲೆ 'ನಿಮ್ಮದು ಯಾವ ಜನ?' ಎಂದು ಕೇಳುತ್ತಿದ್ದರು. ಹಿತ್ತಲ ಬಚ್ಚಲು ಮನೆಯೊಳಗೆ ಬಂದಿದೆ, ಪ್ರಶ್ನೆಯೂ ಅದರ ಜೊತೆಗೇ ಒಳಗೆ ಬಂದಿದೆ.

ಹಾಗೆಂದು ಹೆಲ್ಸಿಂಕಿಯನ್ನು ಸ್ವರ್ಗ ಮಾಡುವ ಇರಾದೆ ನನಗಿಲ್ಲ. ಲೊಯ್ಲು ದುಡ್ಡಿದ್ದವರ ಜಾಗ. ಆದರೆ ಅದೇ ಊರಿನ ಇನ್ನೊಂದು ತೀರದಲ್ಲಿ ಸೊಂಪಾಸೌನಾ ಎಂಬುದಿದೆ. ಅದಕ್ಕೆ ಟಿಕೆಟ್ಟಿಲ್ಲ, ಜನರೇ ಕಟ್ಟಿಕೊಂಡದ್ದು, ಜನರೇ ನೋಡಿಕೊಳ್ಳುವುದು, ಬಂದವರೇ ಒಲೆಗೆ ಸೌದೆ ಹಾಕುವುದು. ಯುನೆಸ್ಕೊದ ಆಸೆ ಇರುವವರು ಇದನ್ನು ನೋಡಬೇಕು.

ನಮ್ಮ ಕಡೆ ಬಿಸಿಲಿಗೇನೂ ಬರವಿಲ್ಲ, ಹೊಸ ಮನೆಗಳ ತಾರಸಿಯ ಮೇಲೆ ಸೋಲಾರ್ ಕಾಣುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಮೀಯಲು ಬರುವ ಹೆಂಗಸರಿಗೆ, ಚನ್ನರಾಯಪಟ್ಟಣದ ಗದ್ದೆಗಳಲ್ಲಿ ಟೆಂಟು ಹಾಕಿ ಕಬ್ಬು ಕಡಿಯುವವರಿಗೆ, ಹಾಸನದ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಇಳಿಯುವ ಕೂಲಿಯವರಿಗೆ ಬಾಗಿಲು, ಚಿಲಕ, ಬಿಸಿನೀರು ಇರುವ ಸ್ನಾನದ ಮನೆ ಕಟ್ಟಿಸುವುದು ನಗರಸಭೆ, ಪುರಸಭೆ, ಪಂಚಾಯ್ತಿಗಳ ಕೈಮೀರಿದ ಕೆಲಸವಲ್ಲ. ಅಲ್ಲಿ ಯಾರ ಪಕ್ಕದಲ್ಲಿ ಯಾರು ನಿಲ್ಲಬೇಕಾಗುತ್ತದೆ ಎಂಬ ಯೋಚನೆಯೇ ನಮ್ಮನ್ನು ತಡೆಯುತ್ತಿದೆ ಎಂದು ನನ್ನ ಅನುಮಾನ.

ಸೌನಾದ ಕತೆಯನ್ನು ಅಜ್ಜಿಗೆ ಹೇಳಿದಾಗ ಅವಳು ಸಮುದ್ರದ ಬಗ್ಗೆ ಕೇಳಲಿಲ್ಲ. 'ಅಲ್ಲಿ ನೀರು ಯಾರು ಹಾಕ್ತಾರೆ?' ಎಂದಳು. ಒಲೆ ಹತ್ತಿರ ಕೂತವರು ಎಂದೆ. 'ನೀನೂ ಹಾಕ್ದಾ?' ಹೂಂ ಎಂದೆ. 'ಬರೀ ಕಲ್ಲಿಗಾ?' ಎಂದು ಕೇಳಿ, ಎಲೆ ಅಡಿಕೆ ಮೆಲ್ಲುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಟಿಕೆಟ್ಟಿಗೆ ಎಷ್ಟಾಯಿತು ಎಂದಳು. ನಾನು ಸುಳ್ಳು ಹೇಳಿದೆ.