ಕೈಕಾಲು ಸರಿಹೋದ ಮೇಲೆ

ಲಕ್ವ ಹೊಡೆದವರು ಹತ್ತು ದಿನಗಳಲ್ಲಿ ಎದ್ದು ನಡೆದಾಡತೊಡಗಿದರೆ ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ನೆಂಟರಿಷ್ಟರು ಬಂದು, “ಗಂಡಾಂತರ ಕಳೆಯಿತು” ಎಂದು ಹೇಳಿ ಹೋಗುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಇನ್ನೊಂದು ಬಗೆಯ ಕಷ್ಟ ಕಾಣಿಸಿಕೊಳ್ಳುವುದು ಆಮೇಲೆಯೇ.

ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಮೂವತ್ತು ವರ್ಷ ಕಿರ್ದಿ ಬರೆದ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳೋಣ. ಬಲಗೈ ಎರಡು ದಿನ ಸೋತು ಮತ್ತೆ ಸರಿಹೋಗಿದೆ, ಮಾತೂ ಸ್ಪಷ್ಟವಾಗಿದೆ. ಕೆಲಸಕ್ಕೆ ಹಿಂದಿರುಗಿದ್ದಾರೆ. ಮೊದಲು ಬಾಯಲ್ಲಿಯೇ ಕೂಡುತ್ತಿದ್ದ ಮೊತ್ತ ಈಗ ಕಾಗದದ ಮೇಲೆಯೂ ತಪ್ಪುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಯಾವುದೂ ತಲೆಗೆ ಹತ್ತದು. ಮಧ್ಯಾಹ್ನವಾಗುವಷ್ಟರಲ್ಲಿ ಆಯಾಸ; ಸಂಜೆ ಮಕ್ಕಳ ಗದ್ದಲಕ್ಕೆ ಸಿಡಿಮಿಡಿ; ಸಣ್ಣ ಮಾತಿಗೆ ಕಣ್ಣೀರು. “ಮೈಗಳ್ಳತನ” ಎನ್ನುತ್ತಾರೆ ಮಾಲೀಕರು. “ಇವರ ಸ್ವಭಾವವೇ ಕೆಟ್ಟಿತು” ಎನ್ನುತ್ತಾರೆ ಮನೆಯವರು. ಎರಡೂ ಸರಿಯಲ್ಲ. ಇದು ರೋಗದ ಉಳಿದ ಭಾಗ.

ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ಸೂಕ್ಷ್ಮ ತಂತುಗಳಿವೆ. ಆಳದಲ್ಲಿರುವ ಸಣ್ಣ ರಕ್ತನಾಳವೊಂದು ಮುಚ್ಚಿಕೊಂಡರೆ ಈ ತಂತುಗಳಿಗೆ ಪೆಟ್ಟಾಗಬಹುದು. ಕೈಕಾಲಿನ ದಾರಿ ತಪ್ಪಿಸಿಕೊಂಡರೂ ಗಮನ, ನೆನಪು, ಯೋಜನೆಗಳ ದಾರಿ ಕೆಡುತ್ತದೆ. ಆದುದರಿಂದ ಹೊರಗಿನಿಂದ ನೋಡಿದವರಿಗೆ ಮನುಷ್ಯ ಗಟ್ಟಿಯಾಗಿಯೇ ಕಾಣುತ್ತಾನೆ. ತಡೆಯಲಾರದ ಅಳು ಅಥವಾ ನಗು ಕೂಡ ಹಲವು ವೇಳೆ ಮಿದುಳಿನ ಪೆಟ್ಟಿನ ಫಲ. ಇದಲ್ಲದೆ, ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಯಾವಾಗಲಾದರೂ ಖಿನ್ನತೆ ಬರುತ್ತದೆ. ಅದಕ್ಕೆ ಔಷಧವೂ ಇದೆ, ಸಮಾಲೋಚನೆಯೂ ಇದೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿಸೀಮೆಯವರಿಗೆ ಒಂದು ಸ್ವಾರಸ್ಯದ ಸಂಗತಿ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ 608 ಪಾರ್ಶ್ವವಾಯು ರೋಗಿಗಳನ್ನು ಕುರಿತು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರ ಪೈಕಿ ಶೇಕಡಾ 40.5 ಮಂದಿಯ ಬುದ್ಧಿಶಕ್ತಿ ಸಹಜವಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಶೇಕಡಾ 19.6 ಮಾತ್ರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರಿಗೆ ಇದು ಸಮಾಧಾನದ ಮಾತು, ಆದರೆ ರಕ್ಷಾಕವಚವಲ್ಲ. ಎರಡು ಭಾಷೆಯವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ತೊಂದರೆ ಇದ್ದೇ ಇತ್ತು.

ಹಾಗಾದರೆ ಮಾಡಬೇಕಾದುದೇನು? ಬೆಳಗಾವಿಗಾಗಲಿ ಮಿರಜಿಗಾಗಲಿ ಮರುಪರೀಕ್ಷೆಗೆ ಹೋದಾಗ, “ಕೈ ಚೆನ್ನಾಗಿದೆ” ಎಂದಷ್ಟೇ ಹೇಳಿ ಬರಬಾರದು. ಮರೆವು, ಸಿಟ್ಟು, ಅಳು, ನಿದ್ರೆ, ಆಯಾಸ ಎಲ್ಲವನ್ನೂ ಮನೆಯವರೇ ವೈದ್ಯರಿಗೆ ತಿಳಿಸಬೇಕು. ಗಡಿಯಾರದ ಚಿತ್ರ ಬರೆಯಿಸುವ, ಪದಗಳನ್ನು ನೆನಪಿಸುವ ಸಣ್ಣ ಪರೀಕ್ಷೆಗಳಿವೆ. ರೋಗಿಗೆ ಚೆನ್ನಾಗಿ ಬರುವ ಭಾಷೆಯಲ್ಲಿಯೇ ಅವು ನಡೆಯಲಿ. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ, ಒಬ್ಬರದೇ ಮಾತು. ದಿನದ ಕೆಲಸಗಳಿಗೆ ಒಂದು ಟಿಪ್ಪಣಿ ಪುಸ್ತಕವಿರಲಿ. ಮಧ್ಯಾಹ್ನ ವಿಶ್ರಾಂತಿ ಬೇಕು. ಹಣದ ವ್ಯವಹಾರವನ್ನು ಕಸಿದುಕೊಳ್ಳದೆ, ಕೆಲಕಾಲ ಇನ್ನೊಬ್ಬರು ಜೊತೆಗೆ ಕುಳಿತು ನೋಡಲಿ. ವೈದ್ಯರು ಒಪ್ಪುವವರೆಗೆ ವಾಹನ ನಡೆಸುವುದು ಬೇಡ. ಬದುಕೇ ಬೇಡವೆಂಬ ಮಾತು ಬಂದರೆ ಅದನ್ನು ಹಗುರವಾಗಿ ಎಣಿಸದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಮುಖ್ಯವಾಗಿ, ಲಘು ಆಘಾತವೆಂದರೆ ಮುನ್ನೆಚ್ಚರಿಕೆಯೂ ಹೌದು. ರಕ್ತದೊತ್ತಡದ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಬೀಡಿ, ತಂಬಾಕುಗಳನ್ನು ಬಿಡಲೇಬೇಕು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಕೈಗೆ ವ್ಯಾಯಾಮ ಬೇಕಾದಂತೆ ಮನಸ್ಸಿಗೆ ಕಾಲಾವಕಾಶ ಬೇಕು. ತಿಂಗಳುಗಟ್ಟಲೆ ಹಿಡಿದರೂ ಸುಧಾರಣೆ ಸಾಧ್ಯ. ಅಷ್ಟು ದಿನ ಮನೆಯವರು ಆಡುವ ಮಾತು ಮೃದುವಾಗಿದ್ದರೆ ಅದೂ ಚಿಕಿತ್ಸೆಯೇ.