ಬಹಿಷ್ಕಾರದ ನ್ಯಾಯ

ಜೂನ್ ತಿಂಗಳು ಬಂದಿತೆಂದರೆ ಬನ್ನೇರುಘಟ್ಟ ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಹಬ್ಬಿರುವ ದೊಡ್ಡ ಕಂಪೆನಿಗಳ ಕಚೇರಿಗಳಲ್ಲಿ ಕಾಮನಬಿಲ್ಲಿನ ಬಣ್ಣಗಳು ಕಾಣಿಸಿಕೊಳ್ಳುವುದನ್ನು ಜಯನಗರ, ಜೆ. ಪಿ. ನಗರ, ಬನಶಂಕರಿಗಳ ವಾಚಕರು ಬಲ್ಲರು. ಸಲಿಂಗಾನುರಾಗಿಗಳಿಗೆ ತಾವು ಮಿತ್ರರೆಂದು ಸಾರುವ ಬಣ್ಣಗಳವು. ಈ ಮೈತ್ರಿಯು ಬಣ್ಣದ್ದೋ ನಡತೆಯದೋ ಎಂದು ಪರೀಕ್ಷಿಸುವ ಹಕ್ಕು ಆ ಜನರಿಗಿದೆಯೇ? ಪರೀಕ್ಷೆಯಲ್ಲಿ ಸೋತ ಕಂಪೆನಿಯ ಸರಕನ್ನು ಮುಟ್ಟೆವೆಂದು ಅವರು ನಿಶ್ಚಯಿಸಿದರೆ ಅದು ನ್ಯಾಯವೋ, ಬರಿಯ ಹಟವೋ?

ಈ ಪ್ರಶ್ನೆಗೆ ಅಮೆರಿಕದ ಒಂದು ಇತಿಹಾಸವು ಬೆಳಕು ಬೀರುತ್ತದೆ. ಕೊಲೊರಾಡೋ ಪ್ರಾಂತದ ಗೋಲ್ಡನ್ ಎಂಬ ಊರಿನಲ್ಲಿ ಕೂರ್ಸ್ ಮನೆತನದವರು ಸ್ಥಾಪಿಸಿದ ಬಿಯರ್ ಕಾರಖಾನೆಯಿದೆ. ಅಲ್ಲಿ ತಮಗೆ ಕೆಲಸ ಕೊಡುವುದಿಲ್ಲವೆಂದು ಮೆಕ್ಸಿಕೋ ಮೂಲದ ಜನರು 1960ರ ದಶಕದಲ್ಲಿಯೇ ಅದರ ಸರಕನ್ನು ಬಹಿಷ್ಕರಿಸಿದ್ದರು. 1973-74ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಬಿಯರ್ ಲಾರಿಗಳ ಚಾಲಕರು ವಿತರಕರೊಡನೆ ಹೋರಾಟಕ್ಕೆ ನಿಂತಾಗ, ಅವರ ಮುಂದಾಳಾದ ಅಲನ್ ಬೇರ್ಡನು ಹಾರ್ವೆ ಮಿಲ್ಕನ ಸಹಾಯವನ್ನು ಬೇಡಿದನು. ಮಿಲ್ಕನು ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿಯಿಟ್ಟುಕೊಂಡಿದ್ದ ಸಲಿಂಗಾನುರಾಗಿ. ಆತನು ಒಪ್ಪಿದನು, ಆದರೆ ತನ್ನವರಿಗೂ ಲಾರಿ ನಡೆಸುವ ಕೆಲಸ ದೊರೆಯಬೇಕೆಂಬ ಕರಾರನ್ನು ಹಾಕಿದನು. ಬೇರ್ಡನು ಮಾತು ಕೊಟ್ಟನು. ಆ ಪೇಟೆಯ ಪಾನಗೃಹಗಳಿಂದ ಕೂರ್ಸ್ ಹೊರಬಿದ್ದಿತು. ಹೆಂಡದಂಗಡಿಗಳ ಮುಂದೆ ನಿಂತು ಸೆರೆಮನೆ ಕಂಡವರ ನಾಡಿನಲ್ಲಿ ಈ ಕಥೆಯನ್ನು ಓದಿ ನಗುವವರಿರಬಹುದು. ಸರಕು ಯಾವುದೆಂಬುದು ಇಲ್ಲಿ ಮುಖ್ಯವಲ್ಲ.

1977ರ ಏಪ್ರಿಲಿನಲ್ಲಿ ಗೋಲ್ಡನ್ ಕಾರಖಾನೆಯ ಸುಮಾರು 1,500 ಕೆಲಸಗಾರರು ಮುಷ್ಕರ ಹೂಡಿದರು. ಕೆಲಸ ಕೇಳಿಬಂದವರನ್ನು ಸುಳ್ಳು ಪತ್ತೆಯ ಯಂತ್ರಕ್ಕೆ ಕಟ್ಟಿ ಅವರ ಖಾಸಗಿ ಬಾಳನ್ನು ಕೆದಕಲಾಗುತ್ತಿದೆಯೆಂಬುದು ಅವರ ದೂರುಗಳಲ್ಲೊಂದು. ಇತ್ತ ಅದೇ ಮನೆತನದ ಜೋಸೆಫ್ ಕೂರ್ಸನು 1973ರಲ್ಲಿ ಹೆರಿಟೇಜ್ ಫೌಂಡೇಶನ್ ಎಂಬ ಸಂಪ್ರದಾಯವಾದಿ ರಾಜಕೀಯ ಸಂಸ್ಥೆಗೆ 2,50,000 ಡಾಲರುಗಳನ್ನಿತ್ತು ಅದರ ಹುಟ್ಟಿಗೆ ಕಾರಣನಾಗಿದ್ದನು. ಹೀಗೆ ದುಡಿಮೆಯ ದೂರೂ ರಾಜಕೀಯದ ದೂರೂ ಒಂದುಗೂಡಿದವು. ಮುಷ್ಕರ ಮುರಿದು, 1978ರ ಡಿಸೆಂಬರಿನಲ್ಲಿ ಸಂಘವು ಮಾನ್ಯತೆಯನ್ನು ಕಳೆದುಕೊಂಡಿತು. ಅದಕ್ಕೆ ಮುನ್ನವೇ ಮಿಲ್ಕನು ಕೊಲೆಯಾಗಿದ್ದನು. ಬಹಿಷ್ಕಾರ ಮಾತ್ರ ಬದುಕಿತು. 1987ರಲ್ಲಿ ಕಾರ್ಮಿಕರ ಮಹಾಸಂಘವು ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿತು. 1995ರಲ್ಲಿ ಕಂಪೆನಿಯು ಸಲಿಂಗಾನುರಾಗಿ ನೌಕರರ ಸಂಗಾತಿಗಳಿಗೂ ಸವಲತ್ತುಗಳನ್ನು ವಿಸ್ತರಿಸಿತು. ಆಗಲೂ, ಮನೆತನದ ಹಣ ಹರಿಯುವ ದಾರಿ ಬದಲಾಗಿಲ್ಲವೆಂದು ಪಟ್ಟು ಬಿಡದವರಿದ್ದರು.

ಬಹಿಷ್ಕಾರವೆಂಬ ಮಾತು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬೆಂಕಿ ನೀರು ನಿಲ್ಲಿಸಿ, ಕೊಟ್ಟು ತರುವುದನ್ನು ತಡೆದು ಬಲಿಷ್ಠರು ದುರ್ಬಲರನ್ನು ಊರ ಹೊರಗಿರಿಸಿದ ಅಸ್ತ್ರವದು. 1905ರ ಸ್ವದೇಶೀ ಚಳುವಳಿಯು ಆ ಅಸ್ತ್ರವನ್ನು ಕಸಿದುಕೊಂಡು ಬಲಿಷ್ಠರ ಕಡೆಗೇ ತಿರುಗಿಸಿತು. ಮನೆಯವರಿಂದಲೇ ಬಹಿಷ್ಕೃತರಾಗಿ ನಗರ ಸೇರಿದ ಸಲಿಂಗಾನುರಾಗಿಗಳೂ ತೃತೀಯಲಿಂಗಿಗಳೂ ಇಂದು ಅದನ್ನು ಕೈಗೆತ್ತಿಕೊಂಡರೆ, ವಿದೇಶೀ ಬಟ್ಟೆಯನ್ನು ಸುಟ್ಟವರ ಮೊಮ್ಮಕ್ಕಳು ಆಕ್ಷೇಪಿಸುವುದು ಯಾವ ನ್ಯಾಯ?

ಎರಡು ಆಕ್ಷೇಪಗಳಿಗೆ ಮಾತ್ರ ಉತ್ತರ ಹೇಳಬೇಕು. ಮೊದಲನೆಯದು, ಮಾಲೀಕನ ರಾಜಕೀಯ ಅಭಿಪ್ರಾಯವು ಆತನ ಸ್ವಾತಂತ್ರ್ಯವೆಂಬುದು. ಹೌದು, ಕೊಳ್ಳದಿರುವುದು ಗಿರಾಕಿಯ ಸ್ವಾತಂತ್ರ್ಯ. ಎರಡನೆಯದು ಇದಕ್ಕಿಂತ ತೂಕವುಳ್ಳದ್ದು: ವ್ಯಾಪಾರ ಕುಗ್ಗಿದರೆ ಮೊದಲು ಅನ್ನ ಕಳೆದುಕೊಳ್ಳುವವನು ಕೂಲಿಯವನು. ಈ ಭಯ ನಿಜವಾದುದು. ಆದುದರಿಂದಲೇ ಕೆಲಸಗಾರರನ್ನು ಕೇಳದೆ ಹೂಡಿದ ಬಹಿಷ್ಕಾರವನ್ನು ನಾವು ಮೆಚ್ಚಲಾರೆವು. ಕೂರ್ಸ್ ಬಹಿಷ್ಕಾರದ ಬಲವಿದ್ದುದು ಇಲ್ಲಿಯೇ: ಕರೆದವರು ಲಾರಿ ಚಾಲಕರು, ಓಗೊಟ್ಟವರು ಸಲಿಂಗಾನುರಾಗಿಗಳು.

ಇನ್ನು ನಮ್ಮ ನಗರದ ಮಾತು. 2016ರ ಏಪ್ರಿಲ್ 18 ಮತ್ತು 19ರಂದು ಬಿಟಿಎಂ ಬಡಾವಣೆಗೆ ಅನತಿದೂರದ ಬೊಮ್ಮನಹಳ್ಳಿಯಲ್ಲಿ ಸಾವಿರಾರು ಮಂದಿ ಗಾರ್ಮೆಂಟ್ಸ್ ಕೆಲಸಗಾರ್ತಿಯರು ಹೊಸೂರು ರಸ್ತೆಯನ್ನು ಕಟ್ಟಿನಿಂತು, ಭವಿಷ್ಯನಿಧಿಯ ಹೊಸ ನಿಯಮವನ್ನು ಕೇಂದ್ರ ಸರಕಾರವು ಹಿಂದೆಗೆಯುವಂತೆ ಮಾಡಿದರು. 2008ರ ಜೂನ್ 29ರಂದು ಸಲಿಂಗಾನುರಾಗಿಗಳೂ ತೃತೀಯಲಿಂಗಿಗಳೂ ಇದೇ ನಗರದಲ್ಲಿ ಮೊದಲಬಾರಿ ಮೆರವಣಿಗೆ ನಡೆದಿದ್ದರು. ಆ ಎರಡು ಸಾಲುಗಳೂ ಬೇರೆಬೇರೆಯಾಗಿ ನಡೆದವು. ಅವು ಎಂದು ಕೂಡಿ ನಡೆಯುವುವೋ ಅಂದು ಕಂಪೆನಿಗಳ ಬಣ್ಣಕ್ಕೆ ನಿಜವಾದ ಪರೀಕ್ಷೆ.

ಶಾಸನದ ಆಸರೆಯೂ ಅರ್ಧದಾರಿಯಲ್ಲಿ ನಿಂತಿದೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದಿತು. 2019ರ ಕೇಂದ್ರ ಶಾಸನವು ಲಿಂಗಾಂತರಿಗಳಿಗೆ ಉದ್ಯೋಗದಲ್ಲಿ ತಾರತಮ್ಯ ಸಲ್ಲದೆಂದಿತು. 2021ರಲ್ಲಿ ಕರ್ನಾಟಕವು ಅವರಿಗೆ ಸರಕಾರೀ ನೌಕರಿಗಳಲ್ಲಿ ಶೇಕಡಾ 1ರ ಮೀಸಲಾತಿಯನ್ನಿತ್ತಿತು. ಆದರೆ ಸಲಿಂಗಾನುರಾಗಿಯೆಂಬ ಕಾರಣಕ್ಕೆ ಖಾಸಗಿ ಕಂಪೆನಿಯು ಒಬ್ಬನನ್ನು ಹೊರಗಟ್ಟಿದರೆ ಅವನು ನೇರವಾಗಿ ಬೆರಳಿಟ್ಟು ತೋರಿಸಬಹುದಾದ ಶಾಸನವಿಲ್ಲ. ಆತನ ರಕ್ಷಣೆ ಕಂಪೆನಿಯ ಸೌಜನ್ಯದ ಮೇಲೆ ನಿಂತಿದೆ. ಸೌಜನ್ಯವು ದಾನ, ಶಾಸನವು ಹಕ್ಕು. 2025ರಲ್ಲಿ ಮನೆಬಾಗಿಲಿಗೆ ಊಟ ತರುವ ಹುಡುಗನ ಕ್ಷೇಮಕ್ಕಾಗಿ ಗಿಗ್ ಕಾರ್ಮಿಕರ ಶಾಸನವನ್ನು ರಚಿಸಿದ ನಮ್ಮ ವಿಧಾನಮಂಡಲಕ್ಕೆ ಈ ಕೊರತೆಯನ್ನು ತುಂಬುವುದು ಅಸಾಧ್ಯವಲ್ಲ.

ಆದುದರಿಂದ ನಮ್ಮ ಸಲಹೆಯಿಷ್ಟು. ಬಹಿಷ್ಕಾರ ಹೂಡುವವರು ದೂರನ್ನು ಸಾಕ್ಷಿಯೊಡನೆ ಬರೆಯಲಿ, ಬೇಡಿಕೆಯನ್ನು ಸ್ಪಷ್ಟಪಡಿಸಲಿ, ಬೇಡಿಕೆ ಈಡೇರಿದ ದಿನ ಅಸ್ತ್ರವನ್ನು ಕೆಳಗಿಡಲಿ. ಕಂಪೆನಿಗಳು ತಮ್ಮ ಸೇವಾನಿಯಮಗಳಲ್ಲಿ ಬರೆದುಕೊಂಡ ಸಮಾನತೆಯನ್ನು ಮೇಲಿನ ಮಹಡಿಯ ಅಧಿಕಾರಿಗೆ ಮಾತ್ರವಲ್ಲದೆ ಬಾಗಿಲ ಕಾವಲುಗಾರನಿಗೂ ಕಸ ಗುಡಿಸುವ ಗುತ್ತಿಗೆಯ ಹೆಂಗಸಿಗೂ ಅನ್ವಯಿಸಲಿ. ಈ ನಗರದಕ್ಷಿಣದ ಮನೆಗಳಿಂದ ಪ್ರತಿದಿನ ಆ ಕಚೇರಿಗಳಿಗೆ ಹೋಗಿ ಅಧಿಕಾರದ ಕುರ್ಚಿಗಳಲ್ಲಿ ಕೂಡುವ ನಮ್ಮ ವಾಚಕರು ಅನೇಕರಿದ್ದಾರೆ. ಬಾಗಿಲಿಗೆ ಬಹಿಷ್ಕಾರ ಬರುವವರೆಗೆ ಅವರು ಕಾಯಬೇಕಾಗಿಲ್ಲ. ನಿಯಮದ ಕರಡು ಅವರ ಮೇಜಿನ ಮೇಲೆಯೇ ಸಿದ್ಧವಾಗಬಹುದು.